ಫುಟ್‌ಬಾಲ್ ನಾಲೆಯ ಕೊನೆ ಭಾಗ

ಅಪ್ಪ ಫೋನ್ ಮಾಡಿದ್ದರು. ನಾಲೆಗೆ ನೀರು ಬಿಟ್ಟು ಹನ್ನೆರಡು ದಿನ ಆಗಿತ್ತು. "ಬುಟ್ಟವ್ರೆ ಕಣ್ಲಾ ಮಗ, ನಮ್ ಗದ್ದೆಗಂಟ ಇನ್ನೂ ಬಂದಿಲ್ಲ. ಮೇಲ್ನೋರ್ದು ಮುಗೀಲಿ ಅಂತ ಕಾಯ್ತಾ ಇವ್ನಿ" ಅಂದರು. ನಮ್ಮೂರು ಮಳವಳ್ಳಿ ಕಡೆ. ವಿ.ಸಿ. ನಾಲೆಯ ಕೊನೆ ಭಾಗ. ಕೆಆರ್‌ಎಸ್ ತುಂಬಿದ ಸುದ್ದಿ ಪೇಪರಿನಲ್ಲಿ ಬಂದರೂ ನಮ್ಮ ಗದ್ದೆ ಒದ್ದೆಯಾಗಲು ಇನ್ನೂ ಎಷ್ಟೋ ದಿನ ಬೇಕು. ಚಿಕ್ಕಂದಿನಿಂದ ನೋಡಿಕೊಂಡು ಬಂದದ್ದು ಇದು.

ಆವತ್ತು ರಾತ್ರಿ ಮೈಸೂರಿನ ರೂಮಿನಲ್ಲಿ ಇಂಗ್ಲೆಂಡಿನ ಮ್ಯಾಚ್ ನೋಡುತ್ತಾ ಕೂತಾಗ ಅಪ್ಪನ ಮಾತೇ ತಲೆಯಲ್ಲಿ ಸುತ್ತುತ್ತಿತ್ತು. ಯಾಕೆಂದರೆ ಅಲ್ಲಿಯ ಫುಟ್‌ಬಾಲಿನ ದುಡ್ಡು ಹರಿಯುವುದೂ ಹೀಗೇ. ಮೇಲೆ ಅಣೆಕಟ್ಟು ತುಂಬಿದೆ. ಕೊನೆಯ ಗದ್ದೆ ಬಿರುಕು ಬಿಟ್ಟಿದೆ.

ಲೆಕ್ಕ ನೋಡಿ. ಎಲ್ಲಕ್ಕಿಂತ ಮೇಲಿನ ಹಂತವಾದ ಪ್ರೀಮಿಯರ್ ಲೀಗ್‌ನಲ್ಲಿ 20 ಕ್ಲಬ್. ಅವರ ಪಂದ್ಯಗಳನ್ನು ಬ್ರಿಟನ್ನಿನೊಳಗೆ ಟಿವಿಯಲ್ಲಿ ತೋರಿಸುವ ಹಕ್ಕು 2025ರಿಂದ 2029ರವರೆಗೆ ನಾಲ್ಕು ವರ್ಷಕ್ಕೆ 670 ಕೋಟಿ ಪೌಂಡ್. ವಿದೇಶದಿಂದ ಬರುವ ಹಣ ಬೇರೆ. ಅದರ ಕೆಳಗಿನ ಮೂರು ಡಿವಿಷನ್‌ಗಳಲ್ಲಿ, ಅಂದರೆ ಚಾಂಪಿಯನ್‌ಶಿಪ್, ಲೀಗ್ ಒನ್, ಲೀಗ್ ಟೂ ಸೇರಿ ಇಎಫ್‌ಎಲ್ ಅನ್ನುವ ಕೂಟದಲ್ಲಿ, 72 ಕ್ಲಬ್. ಅವರಿಗೆ 2024ರಿಂದ ಐದು ವರ್ಷಕ್ಕೆ ಸಿಕ್ಕ ಟಿವಿ ಒಪ್ಪಂದ 93.5 ಕೋಟಿ ಪೌಂಡ್. ವರ್ಷಕ್ಕೆ ಭಾಗಿಸಿ ತಲಾ ಲೆಕ್ಕ ಹಾಕಿದರೆ ಮೇಲಿನ ಒಂದು ಕ್ಲಬ್ಬಿಗೆ ಸರಾಸರಿ 8 ಕೋಟಿ ಪೌಂಡಿಗೂ ಜಾಸ್ತಿ, ಕೆಳಗಿನ ಒಂದು ಕ್ಲಬ್ಬಿಗೆ 26 ಲಕ್ಷ. ಒಂದೇ ದೇಶ, ಒಂದೇ ಆಟ, ಚೆನ್ನಾಗಿ ಆಡಿದರೆ ಇಲ್ಲಿಂದ ಅಲ್ಲಿಗೆ ಏರಬಹುದು ಎನ್ನುವ ಒಂದೇ ಏಣಿ.

ಮೊದಲು ಹೀಗಿರಲಿಲ್ಲ. 92 ಕ್ಲಬ್‌ಗಳೂ ಒಂದೇ ಫುಟ್‌ಬಾಲ್ ಲೀಗ್‌ನಲ್ಲಿದ್ದವು. ಟಿವಿ ಹಣದಲ್ಲಿ ಎಲ್ಲರಿಗೂ ಪಾಲಿತ್ತು, ಸಮಪಾಲು ಅಲ್ಲದಿದ್ದರೂ. ಲೀಗ್ ಪಂದ್ಯದ ಟಿಕೆಟ್ ದುಡ್ಡಿನಲ್ಲಿ ಬೇರೆ ಊರಿಂದ ಬಂದ ತಂಡಕ್ಕೂ ಒಂದು ಭಾಗ ಕೊಡುವ ಪದ್ಧತಿ 1983ರವರೆಗೆ ಇತ್ತು. ಅದು ಮೊದಲು ನಿಂತಿತು. ಆಮೇಲೆ 1992ರಲ್ಲಿ ಮೇಲಿನ 22 ಕ್ಲಬ್‌ಗಳು ಬೇರೆ ಮನೆ ಮಾಡಿದವು, ಟಿವಿ ದುಡ್ಡು ತಮಗೇ ಇರಲಿ ಎಂದು. ಅದೇ ಪ್ರೀಮಿಯರ್ ಲೀಗ್. ಒಟ್ಟು ಕುಟುಂಬ ಪಾಲಾದಾಗ ಹಿರಿಯಣ್ಣ ನಾಲೆ ಪಕ್ಕದ ಗದ್ದೆ ತೆಗೆದುಕೊಂಡ ಹಾಗೆ.

ಬರಿ ಅನ್ನುವ ಊರಿನ ಕಥೆ ಹೇಳಲೇಬೇಕು. ಮ್ಯಾಂಚೆಸ್ಟರ್ ಪಕ್ಕದಲ್ಲೇ ಇದೆ. ಅಲ್ಲಿಯ ಬರಿ ಎಫ್‌ಸಿ ಕ್ಲಬ್ ಹುಟ್ಟಿದ್ದು 1885ರಲ್ಲಿ. 1900 ಮತ್ತು 1903ರಲ್ಲಿ, ದೊಡ್ಡ ಚಿಕ್ಕ ಕ್ಲಬ್‌ಗಳೆಲ್ಲ ಒಟ್ಟಿಗೆ ಆಡುವ ಎಫ್‌ಎ ಕಪ್ ಗೆದ್ದಿತ್ತು, ಎರಡನೇ ಸಲ ಫೈನಲ್‌ನಲ್ಲಿ 6-0. ಅಂಥ ಕ್ಲಬ್ ಸಾಲದಲ್ಲಿ ಮುಳುಗಿ, 2018ರ ಕೊನೆಯಲ್ಲಿ ಒಂದೇ ಒಂದು ಪೌಂಡಿಗೆ ಕೈ ಬದಲಾಯಿತು. 2019ರ ಆಗಸ್ಟ್‌ನಲ್ಲಿ ಇನ್ಯಾರೋ ಕೊಳ್ಳುತ್ತಾರೆ, ಕ್ಲಬ್ ಉಳಿಯುತ್ತದೆ ಎಂಬ ಸುದ್ದಿ ಬಂತು. ಊರಿನ ಜನ ಪೊರಕೆ, ಬಕೆಟ್ ಹಿಡಿದು ಗಿಗ್ ಲೇನ್ ಸ್ಟೇಡಿಯಂಗೆ ಹೋದರು. ಮುಂದಿನ ಪಂದ್ಯಕ್ಕೆ ಕುರ್ಚಿ ಒರೆಸಿ ಸಿದ್ಧ ಮಾಡಿದರು. ಆ ಖರೀದಿ ಮುರಿದುಬಿತ್ತು. 27ನೇ ತಾರೀಖು ಬರಿಯನ್ನು ಲೀಗ್‌ನಿಂದ ಹೊರಹಾಕಿದರು. 125 ವರ್ಷ ಲೀಗ್‌ನಲ್ಲಿದ್ದ ಕ್ಲಬ್. ಅದೇ ತಿಂಗಳ ಮೊದಲ ವಾರದಲ್ಲಿ, ಹದಿನೈದು ಕಿಲೋಮೀಟರ್ ದೂರದ ಮ್ಯಾಂಚೆಸ್ಟರ್ ಯುನೈಟೆಡ್ ಒಬ್ಬ ಡಿಫೆಂಡರ್, ಹ್ಯಾರಿ ಮ್ಯಾಗ್ವೈರ್, ಅವನನ್ನು ಇನ್ನೊಂದು ಕ್ಲಬ್ಬಿನಿಂದ ಕೊಳ್ಳಲು 8 ಕೋಟಿ ಪೌಂಡ್ ಕೊಟ್ಟಿತ್ತು.

ಯುನೈಟೆಡ್ ತಪ್ಪು ಮಾಡಿತು ಎಂದು ನಾನು ಹೇಳುತ್ತಿಲ್ಲ. ಬರಿ ಮುಳುಗಿದ್ದಕ್ಕೆ ಅದರ ಮಾಲೀಕರ ಲೆಕ್ಕಾಚಾರವೇ ದೊಡ್ಡ ಕಾರಣ. ಆದರೆ ಕೆಳಗಿನ ಕ್ಲಬ್ಬುಗಳು ಯಾಕೆ ಹಾಗೆ ಸಾಲ ಮಾಡುತ್ತವೆ? ಮೇಲಕ್ಕೆ ಹೋದರೆ ಮಾತ್ರ ಬದುಕು ಎಂಬ ಸ್ಥಿತಿ ಇರುವುದರಿಂದ. ಚಾಂಪಿಯನ್‌ಶಿಪ್‌ನಲ್ಲಿ ಎಷ್ಟೋ ಕ್ಲಬ್‌ಗಳು ಬರುವ ಆದಾಯಕ್ಕಿಂತ ಜಾಸ್ತಿ ಆಟಗಾರರ ಸಂಬಳಕ್ಕೇ ಕೊಡುತ್ತವೆ. ಒಂದು ಸಲ ಮೇಲೆ ಹತ್ತಿದರೆ ಎಲ್ಲ ತೀರುತ್ತದೆ ಎನ್ನುವ ನಂಬಿಕೆ. ಕಬ್ಬಿನ ದುಡ್ಡು ಬಂದ ಮೇಲೆ ತೀರಿಸೋಣ ಎಂದು ಸಾಲ ಎತ್ತಿದವರನ್ನು ನಮ್ಮ ಮಂಡ್ಯ ಜಿಲ್ಲೆಯಲ್ಲಿ ಎಷ್ಟು ಜನ ನೋಡಿಲ್ಲ?

ಈಗ ಮೇಲಿಂದ ಕೆಳಗೆ ಏನೂ ಬರುವುದಿಲ್ಲ ಅಂತಲ್ಲ. ಬರುತ್ತದೆ. ಎರಡು ದಾರಿ ಇದೆ. ಒಂದು, ಸಾಲಿಡಾರಿಟಿ ಅಂದರೆ ಒಗ್ಗಟ್ಟಿನ ಹಣ, ಎರಡನೇ ದಾರಿಯ ಹಣ ಸಿಗದ ಇಎಫ್‌ಎಲ್ ಕ್ಲಬ್‌ಗಳಿಗೆ. ಚಾಂಪಿಯನ್‌ಶಿಪ್ ಕ್ಲಬ್ಬಿಗೆ ವರ್ಷಕ್ಕೆ ಸುಮಾರು 50 ಲಕ್ಷ ಪೌಂಡ್, ಅದರ ಕೆಳಗಿನವರಿಗೆ ತುಂಬಾ ಕಡಿಮೆ. ಎರಡನೆಯದು ಪ್ಯಾರಾಚೂಟ್ ಹಣ. ಪ್ರೀಮಿಯರ್ ಲೀಗ್‌ನಿಂದ ಕೆಳಗೆ ಬಿದ್ದ ಕ್ಲಬ್ಬಿಗೆ, ಬಿದ್ದ ಪೆಟ್ಟು ಜೋರಾಗಿ ತಾಗದಿರಲಿ ಎಂದು, ಮೇಲಿನವರಿಗೆ ಟಿವಿ ಹಣದಲ್ಲಿ ಸಮನಾಗಿ ಸಿಗುವ ಪಾಲಿನ 55 ಶೇಕಡ ಮೊದಲ ವರ್ಷ, 45 ಎರಡನೇ ವರ್ಷ, 20 ಮೂರನೇ ವರ್ಷ. ಒಂದೇ ಸೀಸನ್ ಮೇಲಿದ್ದು ಬಿದ್ದರೆ ಮೂರನೇ ವರ್ಷದ್ದಿಲ್ಲ. ಮೊದಲ ವರ್ಷದ್ದೇ 4 ಕೋಟಿ ಪೌಂಡ್ ದಾಟುತ್ತದೆ.

ನನ್ನ ತಕರಾರು ಇರುವುದು ಇಲ್ಲೇ. ಒಂದೇ ಡಿವಿಷನ್, ಪಕ್ಕಪಕ್ಕದ ಎರಡು ಗದ್ದೆ. ಒಬ್ಬನಿಗೆ 4 ಕೋಟಿ, ಇನ್ನೊಬ್ಬನಿಗೆ 50 ಲಕ್ಷ. ಬಿದ್ದವನಿಗೆ ಸಹಾಯ ಬೇಕು, ಒಪ್ಪುತ್ತೇನೆ. ಆಟಗಾರರ ಜೊತೆ ಮೂರು-ನಾಲ್ಕು ವರ್ಷದ ಸಂಬಳದ ಕರಾರು ಇರುತ್ತದೆ, ಏಕಾಏಕಿ ಕೈಬಿಡಲು ಆಗುವುದಿಲ್ಲ. ಆದರೆ ಆ ಹಣದಿಂದ ಅವನು ಮತ್ತೆ ಒಳ್ಳೆ ಆಟಗಾರರನ್ನು ಕೊಂಡು, ಹತ್ತಾರು ವರ್ಷದಿಂದ ಅಲ್ಲೇ ಇದ್ದು ಮಿತಿಯಲ್ಲಿ ಬದುಕಿದ ಪಕ್ಕದವನನ್ನು ತುಳಿದು ಮೇಲೆ ಹೋಗುತ್ತಾನೆ. 2025ರಲ್ಲಿ ಮೇಲೆ ಹೋದ ಮೂರರಲ್ಲಿ ಲೀಡ್ಸ್, ಬರ್ನ್ಲಿ ಎರಡೂ ಪ್ಯಾರಾಚೂಟ್ ಹಣ ಪಡೆದಿದ್ದವು. ಅಷ್ಟಿದ್ದರೂ ಮೇಲೆ ಹೋಗಿ ನಿಲ್ಲುವುದು ಕಷ್ಟ. 2023-24, 2024-25 ಎರಡೂ ಸೀಸನ್‌ಗಳಲ್ಲಿ ಹೊಸದಾಗಿ ಏರಿದ ಮೂರು ತಂಡಗಳೂ ಅದೇ ವರ್ಷ ವಾಪಸ್ ಬಿದ್ದವು. ಮಧ್ಯದಲ್ಲಿ ಅಷ್ಟು ದೊಡ್ಡ ಹಳ್ಳ ಬಿದ್ದಿದೆ.

ಕಪ್ ಪಂದ್ಯಗಳಿಂದ ಕೆಲವು ಸಲ ಒಳ್ಳೆಯದಾಗಿದೆ. 2005ರ ಜನವರಿಯಲ್ಲಿ ಎಕ್ಸೆಟರ್ ಸಿಟಿ, ಅಭಿಮಾನಿಗಳೇ ಸೇರಿ ನಡೆಸುವ ಕ್ಲಬ್, ಆಗ ಲೀಗ್‌ನಿಂದಲೂ ಕೆಳಗೆ ಬಿದ್ದಿತ್ತು, ಓಲ್ಡ್ ಟ್ರಾಫರ್ಡ್‌ಗೆ ಹೋಗಿ ಮ್ಯಾಂಚೆಸ್ಟರ್ ಯುನೈಟೆಡ್ ಜೊತೆ 0-0 ಮಾಡಿಕೊಂಡು ಬಂತು. ಆ ಪಂದ್ಯ ಮತ್ತು ಡ್ರಾ ಆದದ್ದಕ್ಕೆ ನಡೆದ ಮರುಪಂದ್ಯದ ಹಣ ಸಾಲ ತೀರಿಸಲು ನೆರವಾಯಿತು. ನನಗೆ ಅದಕ್ಕಿಂತ ಇಷ್ಟವಾದದ್ದು ಮರೀನ್ ಎಂಬ, ಆಗ ಎಂಟನೇ ಹಂತದಲ್ಲಿದ್ದ ಕ್ಲಬ್ಬಿನದು. ಅವರ ಗ್ರೌಂಡು ಜನರ ಮನೆ ಹಿತ್ತಲಿಗೇ ಅಂಟಿಕೊಂಡಿದೆ. 2021ರ ಜನವರಿಯಲ್ಲಿ ಅಲ್ಲಿಗೆ ಪ್ರೀಮಿಯರ್ ಲೀಗ್‌ನ ಟಾಟನ್‌ಹ್ಯಾಮ್ ಬಂತು. ಕೋವಿಡ್ ಸಮಯ, ಪ್ರೇಕ್ಷಕರಿಗೆ ಪ್ರವೇಶ ಇಲ್ಲ. ಜೀವಮಾನಕ್ಕೊಂದು ಸಲ ಬರುವ ಗೇಟ್ ದುಡ್ಡು ಹೋಯಿತಲ್ಲ ಎಂದು, ಕ್ಲಬ್ಬಿನವರು 10 ಪೌಂಡಿಗೆ ಬರೀ ಹೆಸರಿಗೊಂದು ಟಿಕೆಟ್ ಮಾರಿದರು. ಕೊಂಡರೂ ಒಳಗೆ ಕೂರಲು ಕುರ್ಚಿ ಇಲ್ಲ. 30 ಸಾವಿರಕ್ಕೂ ಹೆಚ್ಚು ಖರ್ಚಾದವು. ಎದುರಾಳಿ ಟಾಟನ್‌ಹ್ಯಾಮ್ ಅಭಿಮಾನಿಗಳೇ ಎಷ್ಟೋ ಜನ ಕೊಂಡರು. ಇದನ್ನು ಓದಿದಾಗ ಕಣ್ಣು ತುಂಬಿ ಬಂದಿತ್ತು.

ಆದರೆ ಪ್ರೀತಿಯಿಂದ ಬಂದ ಇಂಥ ಹಣವನ್ನು ನಂಬಿಕೊಂಡು ಒಂದು ಕ್ಲಬ್ ವರ್ಷವಿಡೀ ನಡೆಯಲಾರದು. ಕಪ್ಪಿನಲ್ಲಿ ಯಾರ ಹೆಸರು ಚೀಟಿಯಲ್ಲಿ ಬರುತ್ತದೋ ಗೊತ್ತಿಲ್ಲ. ಈಗ 2024-25ರಿಂದ ಎಫ್‌ಎ ಕಪ್ ಮೊದಲ ಸುತ್ತಿನಿಂದಲೇ ಮರುಪಂದ್ಯಗಳನ್ನು ತೆಗೆದುಹಾಕಿದ್ದಾರೆ. ದೊಡ್ಡ ಕ್ಲಬ್‌ಗಳಿಗೆ ಪಂದ್ಯ ಜಾಸ್ತಿಯಾಯಿತಂತೆ. ಎಕ್ಸೆಟರ್‌ಗೆ ಸಿಕ್ಕಿದ್ದು ಇನ್ನೊಂದು ಎಕ್ಸೆಟರ್‌ಗೆ ಇನ್ನು ಸಿಗುವುದಿಲ್ಲ.

ಹಾಗಾಗಿ ನನ್ನ ಮಾತು ಇಷ್ಟೇ: ಕೆಳಗಿನವರಿಗೆ ಬರುವುದು ದಾನವಾಗಿ ಬರಬಾರದು, ಸರದಿಯ ನೀರಿನ ಹಾಗೆ ಬರಬೇಕು. ನಮ್ಮಲ್ಲಿ ಕಟ್ಟು ಪದ್ಧತಿ ಅಂತಿದೆ ಅಲ್ವಾ, ಇಷ್ಟು ದಿನ ಬಿಡುವುದು, ಇಷ್ಟು ದಿನ ನಿಲ್ಲಿಸುವುದು. ಅದು ಸರಿಯಾಗಿ ನಡೆದ ವರ್ಷ ಅಪ್ಪ ಯಾರ ಮನೆ ಬಾಗಿಲಿಗೂ ಹೋಗಿ ಕೇಳುವುದಿಲ್ಲ. ನೀರುಗಂಟಿ ಬಂದು ತೂಬು ಎತ್ತುತ್ತಾನೆ, ನೀರು ಬರುತ್ತದೆ.

ಇಂಗ್ಲೆಂಡಿಗೂ ಈಗ ಒಬ್ಬ ನೀರುಗಂಟಿ ಬಂದಿದ್ದಾನೆ. ಬರಿ ಮುಳುಗಿದ್ದು, ಕೋವಿಡ್ಡಿನ ಕಷ್ಟ, ದೊಡ್ಡ ಕ್ಲಬ್‌ಗಳು ತಮ್ಮದೇ ಬೇರೆ ಸೂಪರ್ ಲೀಗ್ ಕಟ್ಟಲು ಹೋಗಿದ್ದು, ಇದೆಲ್ಲ ಆದ ಮೇಲೆ ಮಾಜಿ ಕ್ರೀಡಾ ಸಚಿವೆ ಟ್ರೇಸಿ ಕ್ರೌಚ್ ನೇತೃತ್ವದಲ್ಲಿ ಅಭಿಮಾನಿಗಳ ಮಾತು ಕೇಳಿ 2021ರ ನವೆಂಬರ್‌ನಲ್ಲಿ ಒಂದು ವರದಿ ಬಂತು. ಅದರ ಫಲವಾಗಿ 2025ರ ಜುಲೈನಲ್ಲಿ ಫುಟ್‌ಬಾಲ್ ಆಡಳಿತದ ಕಾನೂನೇ ಆಯಿತು. ಮೇಲಿನ ಐದು ಹಂತದ 116 ಕ್ಲಬ್‌ಗಳ ಮೇಲೆ ಸ್ವತಂತ್ರ ನಿಯಂತ್ರಕ. ಪ್ರೀಮಿಯರ್ ಲೀಗ್, ಇಎಫ್‌ಎಲ್ ತಾವೇ ಕೂತು ಹಣ ಹಂಚಿಕೆ ಮಾತಾಡಿಕೊಳ್ಳದಿದ್ದರೆ ಕೊನೆಗೆ ಮಧ್ಯೆ ಬಂದು ತೀರ್ಮಾನ ಮಾಡುವ ಅಧಿಕಾರ ಅದಕ್ಕಿದೆ.

ಆ ವರದಿಯಲ್ಲೇ ಇದ್ದ ಒಂದು ಸಲಹೆ ನನಗೆ ತುಂಬಾ ಸರಿ ಅನಿಸುತ್ತದೆ. ಪ್ರೀಮಿಯರ್ ಲೀಗ್ ಕ್ಲಬ್‌ಗಳು ವಿದೇಶದಿಂದ ಅಥವಾ ತಮ್ಮತಮ್ಮಲ್ಲೇ ಆಟಗಾರರನ್ನು ಕೊಂಡಾಗ ಅದರ ಮೇಲೆ 10 ಶೇಕಡದವರೆಗೆ ಒಂದು ತೆರಿಗೆ, ಆ ಹಣ ಕೆಳಗಿನ ಫುಟ್‌ಬಾಲಿಗೆ. 2025ರ ಬೇಸಿಗೆಯಲ್ಲಿ ಈ ಕ್ಲಬ್‌ಗಳು ಆಟಗಾರರಿಗೆ ಖರ್ಚು ಮಾಡಿದ್ದು 300 ಕೋಟಿ ಪೌಂಡಿಗೂ ಮೇಲೆ. ಅದರ ಹತ್ತನೇ ಒಂದು ಪಾಲು 30 ಕೋಟಿ. ಕೆಳಗಿನವರಿಂದಲೇ ಕೊಂಡದ್ದನ್ನು ಕಳೆದರೂ ದೊಡ್ಡ ಮೊತ್ತ. 72 ಕ್ಲಬ್‌ಗಳ ಒಂದು ವರ್ಷದ ಟಿವಿ ಹಣ 19 ಕೋಟಿಯೂ ಇಲ್ಲ, ನೆನಪಿಡಿ. ಕೊಳ್ಳುವ ಶಕ್ತಿ ಇರುವವನೇ ಕೊಡುತ್ತಾನೆ, ಕೊಂಡಾಗ ಮಾತ್ರ ಕೊಡುತ್ತಾನೆ. ಇದರಲ್ಲಿ ಅನ್ಯಾಯ ಎಲ್ಲಿದೆ?

"ನಾವು ದುಡಿದದ್ದು, ನಾವೇಕೆ ಕೊಡಬೇಕು" ಎಂದು ಮೇಲಿನವರು ಕೇಳುತ್ತಾರೆ. ಜೇಮಿ ವಾರ್ಡಿಯನ್ನು ನೋಡಿ. ಎಂಟನೇ ಹಂತದ ಸ್ಟಾಕ್ಸ್‌ಬ್ರಿಡ್ಜ್‌ನಲ್ಲಿ ಆಡುತ್ತಿದ್ದವನು. ಅಲ್ಲಿಂದ ಹ್ಯಾಲಿಫ್ಯಾಕ್ಸ್, ಫ್ಲೀಟ್‌ವುಡ್, 2012ರಲ್ಲಿ ಲೆಸ್ಟರ್. 2016ರಲ್ಲಿ ಪ್ರೀಮಿಯರ್ ಲೀಗ್ ಚಾಂಪಿಯನ್. ಅಂಥ ಕ್ಲಬ್‌ಗಳು ಒಟ್ಲು ಪಾತಿ ಇದ್ದ ಹಾಗೆ. ಸಸಿ ಅಲ್ಲಿ ಬೆಳೆದು ಗದ್ದೆಗೆ ಬರುತ್ತದೆ. ಪಾತಿಗೆ ನೀರು ಬಿಡದೆ ನಾಟಿ ಮಾಡುತ್ತೇನೆ ಅಂದರೆ ಆಗುತ್ತದಾ?

ಇನ್ನೊಂದು ಆಕ್ಷೇಪ ಮಾತ್ರ ನಿಜ. ಕೆಳಗೆ ಸುಮ್ನೆ ಹಣ ಬಿಟ್ಟರೆ ಅದೂ ಆಟಗಾರರ ಸಂಬಳಕ್ಕೇ ಹೋಗಿ, ಮಾಲೀಕರು ಇನ್ನೂ ದೊಡ್ಡ ಸಾಲ ಎತ್ತುತ್ತಾರೆ. ಹೂಳು ತುಂಬಿದ ನಾಲೆಗೆ ಎಷ್ಟು ಬಿಟ್ಟರೂ ದಂಡೆ ಒಡೆದು ಹೋಗುತ್ತದೆ. ಅದಕ್ಕೇ ಷರತ್ತು ಬೇಕು. ಮೈದಾನಕ್ಕೆ ಇಷ್ಟು, ಮಕ್ಕಳ ಅಕಾಡೆಮಿಗೆ ಇಷ್ಟು, ಹುಡುಗಿಯರ ತಂಡಕ್ಕೆ ಇಷ್ಟು, ಲೆಕ್ಕ ಬಹಿರಂಗ. ನನ್ನ ಪ್ರಕಾರ ಹಂಚಿಕೆಗಿಂತ ಕಷ್ಟದ ಕೆಲಸ ಇದೇ.

ನಮ್ಮಲ್ಲಿ ಕ್ರಿಕೆಟ್ ಇದನ್ನು ಸ್ವಲ್ಪಮಟ್ಟಿಗೆ ಮಾಡಿದೆ. ಐಪಿಎಲ್ ಪ್ರಸಾರದ ಹಕ್ಕು 2023ರಿಂದ 2027ಕ್ಕೆ 48,390 ಕೋಟಿ ರೂಪಾಯಿಗೆ ಹೋಯಿತು. ಬಿಸಿಸಿಐ ಬಳಿ ದುಡ್ಡಿದೆ, ಆದ್ದರಿಂದ 40ಕ್ಕಿಂತ ಜಾಸ್ತಿ ಪಂದ್ಯ ಆಡಿದ ರಣಜಿ ಆಟಗಾರನಿಗೆ ಹನ್ನೊಂದರಲ್ಲಿದ್ದರೆ ದಿನಕ್ಕೆ 60 ಸಾವಿರ ಸಿಗುತ್ತದೆ. 2010ರ ಜನವರಿಯಲ್ಲಿ ನಮ್ಮ ಗಂಗೋತ್ರಿ ಗ್ಲೇಡ್ಸ್‌ನಲ್ಲಿ ಮುಂಬೈ ವಿರುದ್ಧ ಕರ್ನಾಟಕ 6 ರನ್‌ನಲ್ಲಿ ಸೋತ ರಣಜಿ ಫೈನಲ್ ನೆನಪಿದೆಯಲ್ಲ, ಕಾಲಿಡಲು ಜಾಗ ಇರಲಿಲ್ಲ. ಮೈಸೂರಿನಲ್ಲಿ ಆಟ ಪ್ರೀತಿಸುವ ಜನಕ್ಕೇನೂ ಕೊರತೆ ಇಲ್ಲ. ಫುಟ್‌ಬಾಲಿಗೆ ಹರಿದು ಬರುವ ನಾಲೆಯೇ ಇಲ್ಲ.

ಭಾನುವಾರ ಬೆಳಗ್ಗೆ ಗಾಂಧಿನಗರ, ಎನ್.ಆರ್. ಮೊಹಲ್ಲಾ ಕಡೆಯ ಹುಡುಗರಿಗೆ ನಾನು, ಇನ್ನಿಬ್ಬರು ಸೇರಿ ಆಡಿಸುತ್ತೇವೆ. ಮೂರು ವರ್ಷದ ಹಿಂದೆ ನಮ್ಮ ಹುಡುಗನೊಬ್ಬನನ್ನು ಬೆಂಗಳೂರಿನ ಒಂದು ಅಕಾಡೆಮಿಯವರು ನೋಡಿ ಕರೆದುಕೊಂಡು ಹೋದರು. ಒಂಬತ್ತು ವರ್ಷದವನಿದ್ದಾಗಿಂದ ನಮ್ಮ ಜೊತೆ ಇದ್ದವನು. ಅವನು ಹೋದದ್ದಕ್ಕೆ ನಮಗೆ ಸಂತೋಷವೇ. ಆದರೆ ಅಲ್ಲಿಂದ ನಮಗೆ ಒಂದು ಬಾಲ್ ಬರಲಿಲ್ಲ, ಒಂದು ಫೋನ್ ಕೂಡ ಬರಲಿಲ್ಲ. ಆ ವರ್ಷ ಗೋಲಿನ ನೆಟ್ ಹರಿದಿತ್ತು, ಮೀನಿನ ಬಲೆ ಕಟ್ಟಿ ಆಡಿಸಿದೆವು.

ಆಮೇಲೆ ತಿಳಿದುಕೊಂಡೆ. ಫಿಫಾದಲ್ಲಿ ಒಂದು ನಿಯಮ ಇದೆ. ಕರಾರಿನ ಆಟಗಾರ ದುಡ್ಡಿಗೆ ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಹೋದರೆ ಆ ಮೊತ್ತದ 5 ಶೇಕಡ, ಅವನನ್ನು 12ರಿಂದ 23ರ ವಯಸ್ಸಿನ ನಡುವೆ ತರಬೇತಿ ಮಾಡಿದ ಕ್ಲಬ್‌ಗಳಿಗೆ ವರ್ಷದ ಲೆಕ್ಕದಲ್ಲಿ ಹಂಚಬೇಕು. ಊರಿನ ಪುಟ್ಟ ಕ್ಲಬ್ಬೂ ಅದರಲ್ಲಿ ಸೇರುತ್ತದೆ. ಆದರೆ ಹುಡುಗನ ಹೆಸರು ಆ ವರ್ಷ ಆ ಕ್ಲಬ್ಬಿನಲ್ಲಿ ಅಧಿಕೃತವಾಗಿ ನೋಂದಣಿ ಆಗಿರಬೇಕು. ಭಾರತದಲ್ಲಿ ಅದು ಎಐಎಫ್‌ಎಫ್, ಅಂದರೆ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದ ಸಿಆರ್‌ಎಸ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ. ನಮ್ಮದು ಒಂದೂ ಆಗಿರಲಿಲ್ಲ.

ಹೋದ ತಿಂಗಳಿಂದ ಆ ಕೆಲಸಕ್ಕೆ ಕೂತಿದ್ದೇನೆ. ಮೊದಲು ನಮ್ಮ ಕ್ಲಬ್ಬನ್ನೇ ನೋಂದಾಯಿಸಬೇಕು, ಅದರ ಕಾಗದ ಕೊಟ್ಟಾಗಿದೆ. ಒಂದು ಉದ್ದ ನೋಟ್‌ಬುಕ್ಕಿನಲ್ಲಿ 34 ಹುಡುಗರ ಹೆಸರು, ಹುಟ್ಟಿದ ದಿನ, ನಮ್ಮಲ್ಲಿಗೆ ಬಂದ ದಿನ ಬರೆದಿದ್ದೇನೆ. ಜನನ ಪ್ರಮಾಣಪತ್ರ ಇಲ್ಲದವರು ಒಂಬತ್ತು ಜನ. ಈ ಭಾನುವಾರ ಅವರ ಅಪ್ಪ ಅಮ್ಮನನ್ನು ಗ್ರೌಂಡಿಗೇ ಬರಲು ಹೇಳಿದ್ದೇನೆ. ಪಾಲಿಕೆ ಕಚೇರಿಗೆ ಸೋಮವಾರ ಒಟ್ಟಿಗೇ ಹೋಗುತ್ತೇವೆ.