ಇರಿಂಗಾದಾಚೆಯ 130 ಕಿಲೋಮೀಟರ್

ಊರಿಂದ ಫೋನ್ ಮಾಡುವವರು ಮೊದಲು ಕೇಳುವುದು, ಸಿಂಹ ಕಾಣಿಸುತ್ತಾ ಅಂತ. ರುವಾಹಾದಲ್ಲಿ ಸಾಮಾನ್ಯವಾಗಿ ಕಾಣಿಸುತ್ತದೆ. ನಾನು ತಿರುಗಿ ಕೇಳುವುದು, ಕೈಯಲ್ಲಿ ಎಷ್ಟು ದಿನ ಇಟ್ಟುಕೊಂಡು ಬರ್ತಿದ್ದೀರಿ ಅಂತ.

ರುವಾಹಾ ತಾಂಜಾನಿಯಾದ ನಡುಭಾಗದಲ್ಲಿದೆ. ಸುಮಾರು 20,000 ಚದರ ಕಿ.ಮೀ.ನ ಕಾಡು, ರಾಷ್ಟ್ರೀಯ ಉದ್ಯಾನ. ಸೆರೆಂಗೆಟಿಗೆ ಹೋದಷ್ಟು ಜನ ಇಲ್ಲಿಗೆ ಹೋಗುವುದಿಲ್ಲ, ಯಾಕೆಂದರೆ ದಾರಿ ದೂರ. ನಾವಿರುವ ದಾರ್ ಎಸ್ ಸಲಾಮ್‌ನಿಂದ ಇರಿಂಗಾ ಪಟ್ಟಣಕ್ಕೆ ಸುಮಾರು 500 ಕಿ.ಮೀ. ಅಲ್ಲಿಂದ ಕಾಡಿನ ಒಳಗಿನ ಮುಖ್ಯ ಕೇಂದ್ರ ಮ್ಸೆಂಬೆಗೆ ಇನ್ನೂ 130.

ಮೊದಲ ಸಲ ಅಪ್ಪ ಅಮ್ಮನನ್ನು ಕರೆದುಕೊಂಡು ಹೊರಟಾಗ ಆ 500ರ ಲೆಕ್ಕ ಹಾಕಿದ್ದೆ, 130ನ್ನು ಲೆಕ್ಕಕ್ಕೇ ತಗೊಂಡಿರಲಿಲ್ಲ. ಬೆಳಿಗ್ಗೆ ಆರಕ್ಕೆ ಹೊರಟೆವು. ಡಾಂಬರು ರಸ್ತೆ ಚೆನ್ನಾಗಿದೆ. ಆದರೆ ಊರು ಬಂದ ಕಡೆಯೆಲ್ಲ 50ಕ್ಕಿಂತ ವೇಗ ಹೋಗುವಂತಿಲ್ಲ, ಬಿಳಿ ಸಮವಸ್ತ್ರದ ಪೊಲೀಸರು ಮರದ ನೆರಳಲ್ಲಿ ರಾಡಾರ್ ಹಿಡಿದು ನಿಂತಿರುತ್ತಾರೆ. ಮಿಕುಮಿಯಲ್ಲಿ ಹೆದ್ದಾರಿಯೇ ಸುಮಾರು 50 ಕಿ.ಮೀ. ಅಭಯಾರಣ್ಯದೊಳಗೆ ಹಾದುಹೋಗುತ್ತದೆ. ಅಮ್ಮ ಅಲ್ಲೇ ಜಿರಾಫೆ ನೋಡಿಬಿಟ್ಟರು. ಆಮೇಲೆ ಕಿಟೊಂಗಾ ಘಾಟಿ. ಜಾಂಬಿಯಾಕ್ಕೆ ಹೋಗುವ ಲಾರಿಗಳ ಹಿಂದೆ ಮೊದಲ ಗೇರಿನಲ್ಲಿ ಏರಿ ಇರಿಂಗಾ ಮುಟ್ಟುವಾಗ ಕತ್ತಲಾಗಿತ್ತು.

ಮಾರನೇ ದಿನ ಡಾಂಬರು ಮುಗಿದು ಕೆಂಪು ಮಣ್ಣು ಶುರುವಾಯಿತು. ಸಿಮೆಂಟ್ ಶೀಟಿನ ಹಾಗೆ ಅಲೆಅಲೆಯಾದ ರಸ್ತೆ. ಗಾಡಿಯ ಒಂದೊಂದು ಬೋಲ್ಟೂ ನಡುಗುತ್ತದೆ, ಮುಚ್ಚಿದ ಕಿಟಕಿಯ ಸಂದಿಯಿಂದಲೂ ಧೂಳು ಒಳಗೆ ಇಳಿಯುತ್ತದೆ. ಅರ್ಧ ದಾರಿಯಲ್ಲಿ ಟೈರ್ ಸೀಳಿತು. ಸ್ಟೆಪ್ನಿ ತೆಗೆದರೆ ಅದರಲ್ಲಿ ಗಾಳಿಯೇ ಇಲ್ಲ. ಬಾಡಿಗೆಗೆ ಕೊಟ್ಟವರು ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಡ್ರೈವರ್ ಎರಡು ಕೊಂಬೆ ಮುರಿದು ಗಾಡಿಯ ಹಿಂದೆ ರಸ್ತೆಗೆ ಹಾಕಿದ. "ನಮ್ಮೂರಲ್ಲೂ ಹೀಗೇ ಸೊಪ್ಪು ಇಡೋದು" ಎಂದರು ಅಪ್ಪ. ಬೋಡಾಬೋಡಾ, ಅಂದರೆ ಬಾಡಿಗೆ ಬೈಕಿನ ಹುಡುಗ ಒಬ್ಬ ನಿಲ್ಲಿಸಿ, ಅಪ್ಪನಿಗೆ ಮೊದಲು ಬಗ್ಗಿ "ಶಿಕಮೂ" ಎಂದು ಹಿರಿಯರಿಗೆ ಹೇಳುವ ನಮಸ್ಕಾರ ಹೇಳಿದ. ಆಮೇಲೆ ಟೈರ್ ನೋಡಿ "ಪಾಂಚಾ" ಎಂದ. ಅಮ್ಮನಿಗೆ ಅರ್ಥವಾದ ಮೊದಲ ಸ್ವಾಹಿಲಿ ಪದ ಅದು. ಟೈರನ್ನು ಬೈಕಿಗೆ ಕಟ್ಟಿಕೊಂಡು ಹೋಗಿ, ಫುಂಡಿಯಿಂದ, ಅಂದರೆ ಮೆಕ್ಯಾನಿಕ್‌ನಿಂದ, ಸರಿಮಾಡಿಸಿ ತಂದಾಗ ಮೂರು ಗಂಟೆ ಕಳೆದಿತ್ತು. ಕಾಡಿನ ಗೇಟು ಸಂಜೆ ಆರಕ್ಕೆ ಮುಚ್ಚುತ್ತದೆ. ಆ ರಾತ್ರಿ ತುಂಗಮಲೆಂಗಾ ಹಳ್ಳಿಯಲ್ಲೇ ಉಳಿದೆವು. ತೀರ್ಥಹಳ್ಳಿಯ ನನ್ನಪ್ಪ ಆ ಹೆಸರನ್ನು ನಾಲ್ಕು ಸಲ ಹೇಳಿಸಿಕೊಂಡರು, ತುಂಗೆಯೂ ಮಲೆಯೂ ಎರಡೂ ಅದರಲ್ಲಿ ಕೇಳಿಸಿತ್ತು ಅವರಿಗೆ. ಎರಡು ದಿನದ ಕಾಡು ಒಂದೇ ದಿನಕ್ಕೆ ಇಳಿಯಿತು.

ಹಾಗಾಗಿ ಈಗ ಯಾರೇ ಬಂದರೂ ಕೊನೆಯ 130ರಿಂದ ಹಿಂದಕ್ಕೆ ಲೆಕ್ಕ ಹಾಕುತ್ತೇನೆ. ಮಧ್ಯಾಹ್ನದೊಳಗೆ ಗೇಟಿನಲ್ಲಿರಬೇಕೆಂದರೆ ಹಿಂದಿನ ರಾತ್ರಿ ಇರಿಂಗಾದಲ್ಲೇ ಮಲಗಿರಬೇಕು. ಅಲ್ಲೇ ಟ್ಯಾಂಕ್ ತುಂಬಿಸಿ, ಎರಡು ಸ್ಟೆಪ್ನಿ ಕೈಯಾರೆ ಒತ್ತಿ ನೋಡಿ. ಪ್ರವೇಶ ಶುಲ್ಕ 24 ಗಂಟೆಯ ಲೆಕ್ಕದಲ್ಲಿ. ಗೇಟಿನಲ್ಲಿ ನಗದು ನಡೆಯುವುದಿಲ್ಲ, ಕಾರ್ಡ್ ಬೇಕು.

ಸ್ವಂತ ಗಾಡಿ ಇಲ್ಲದವರಿಗೆ ತುಂಗಮಲೆಂಗಾವರೆಗೆ ಬಸ್ ಸಿಗುತ್ತದೆ, ಆದರೆ ಕಾಡಿನೊಳಗೆ ಜೀಪೇ ಆಗಬೇಕು. ಅದನ್ನು ಇರಿಂಗಾದಲ್ಲೋ ಹಳ್ಳಿಯ ಕ್ಯಾಂಪಿನಲ್ಲೋ ಮೊದಲೇ ಗೊತ್ತುಮಾಡಿಕೊಳ್ಳಿ. 2024ರಲ್ಲಿ ದಾರ್‌ನಿಂದ ರಾಜಧಾನಿ ದೊಡೊಮಾಕ್ಕೆ ಹೊಸ ವಿದ್ಯುತ್ ರೈಲು ಶುರುವಾದ ಮೇಲೆ ನಾವು ಆ ದಾರಿಯನ್ನೂ ಹಿಡಿದಿದ್ದೇವೆ. ನಾಲ್ಕು ಗಂಟೆಯೊಳಗೆ ದೊಡೊಮಾ, ಅಲ್ಲಿಂದ ಮ್ತೆರಾ ಅಣೆಕಟ್ಟಿನ ಮೇಲೆ ಹಾದು ಇರಿಂಗಾ. ವಯಸ್ಸಾದವರ ಸೊಂಟಕ್ಕೆ ಇದು ಎಷ್ಟೋ ವಾಸಿ. ಸಣ್ಣ ವಿಮಾನ ನೇರ ಮ್ಸೆಂಬೆಯಲ್ಲೇ ಇಳಿಯುತ್ತದೆ. ದುಬಾರಿ, ಮತ್ತು ಸಾಮಾನ್ಯವಾಗಿ 15 ಕೆ.ಜಿ. ಮಾತ್ರ, ಅದೂ ಮೆತ್ತನೆ ಚೀಲದಲ್ಲಿ. ಗಟ್ಟಿ ಸೂಟ್‌ಕೇಸ್ ತರಬೇಡಿ.

ಬಸ್ಸಿನಲ್ಲಿ ಬರುವವರಿಗೆ ಒಂದು ಮಾತು, ಇದನ್ನು ಮರೆಯಲೇಬೇಡಿ. ಇಲ್ಲಿ ದಿನದ ಗಂಟೆ ಎಣಿಸುವುದು ಸೂರ್ಯೋದಯದಿಂದ. ನಮ್ಮ ಬೆಳಿಗ್ಗೆ ಏಳು ಎಂದರೆ ಅವರ ಒಂದು ಗಂಟೆ. ನನ್ನ ಚಿಕ್ಕಮ್ಮನ ಮಗ ಟಿಕೆಟ್ಟಿನಲ್ಲಿ 12 ಎಂದಿದ್ದನ್ನು ಮಧ್ಯಾಹ್ನವೆಂದು ಓದಿಕೊಂಡ. ಬಸ್ಸು ಬೆಳಿಗ್ಗೆ ಆರಕ್ಕೇ ಹೊರಟುಹೋಗಿತ್ತು. ಅಮ್ಮನಿಗೆ ವಿವರಿಸಿದಾಗ, "ಪಂಚಾಂಗದ ಗಳಿಗೆ ಲೆಕ್ಕವೂ ಹಾಗೇ ಅಲ್ಲವೇನೋ, ಸೂರ್ಯ ಹುಟ್ಟಿದ ಮೇಲೆ" ಎಂದರು.

ಜೂನ್‌ನಿಂದ ಅಕ್ಟೋಬರ್ ಒಳಗೆ ಬನ್ನಿ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗಿನ ಮಳೆಗೆ ಕಾಡಿನ ಹಾದಿಗಳು ಕೆಸರಾಗಿ ಕೂರುತ್ತವೆ. ಜೂನ್ ನಂತರದ ಒಣ ತಿಂಗಳುಗಳಲ್ಲಿ ಗ್ರೇಟ್ ರುವಾಹಾ ನದಿ ಗುಂಡಿಗುಂಡಿಯಾಗಿ ಒಡೆದು, ಆನೆ, ನೀರಾನೆ, ಸಿಂಹ ಎಲ್ಲ ಆ ನೀರಿನ ಸುತ್ತ ಸೇರುತ್ತವೆ. ಇದು ವರ್ಷವಿಡೀ ಹರಿಯುತ್ತಿದ್ದ ನದಿ. ಮೇಲಿನ ಉಸಾಂಗು ಬಯಲಿನ ಭತ್ತದ ಗದ್ದೆಗಳಿಗೆ ನೀರು ತಿರುಗಿಸಿದ ಮೇಲೆ, 1993ರಿಂದ ಒಣ ತಿಂಗಳುಗಳಲ್ಲಿ ಹರಿವು ನಿಲ್ಲುತ್ತಿದೆ. ಅಪ್ಪ ಆ ಒಣ ಮರಳ ಪಾತ್ರ ನೋಡುತ್ತಾ ಬಹಳ ಹೊತ್ತು ಮಾತಾಡಲಿಲ್ಲ. ಆನೆಯೊಂದು ಕಾಲಿನಿಂದ ಮರಳು ಕೆದರಿ, ಸೊಂಡಿಲು ಇಳಿಬಿಟ್ಟು, ಒಸರುವ ನೀರಿಗೆ ಕಾಯುತ್ತಿತ್ತು.