ಸಭೆಯ ಒಳರೂಢಿ ತಿದ್ದುವ ಕೆಲಸ: ಮುಂಗಾರಿನಿಂದ ಅಡಿಕೆ ಕೊಯ್ಲಿನವರೆಗೆ

ತೀರ್ಥಹಳ್ಳಿ ಕಡೆಯ ಸಣ್ಣ ಕ್ರೈಸ್ತ ಸಭೆ, ಅಂದರೆ ಒಂದು ಚರ್ಚಿನ ಜನ. ಆರು ತಿಂಗಳ ಪ್ರಗತಿ.

ಜೂನ್. ಮೊದಲು ಹಿಡಿದದ್ದು ಕಾಣಿಕೆ ಎಣಿಕೆ. ಖಜಾಂಚಿ ಎಷ್ಟೇ ಪ್ರಾಮಾಣಿಕರಿರಲಿ, ಚೀಲ ಒಬ್ಬರ ಮನೆಗೆ ಹೋಯಿತೆಂದರೆ ಅನುಮಾನವೂ ಜೊತೆಗೇ ಹೋಗುತ್ತದೆ. ಬೈಬಲಿನಲ್ಲೂ ಕೊರಿಂಥ ಸಭೆಯವರ ಹಣ ಒಯ್ಯಲು ಅಪೊಸ್ತಲ ಪೌಲನು ತನ್ನ ಜೊತೆಗಾರ ತೀತನೊಬ್ಬನನ್ನೇ ಕಳಿಸಲಿಲ್ಲ, ಜೊತೆಗೆ ಸಹೋದರರನ್ನೂ ಕಳಿಸಿದ (2 ಕೊರಿಂಥ 8:18-22). ಈಗಿನ ಕ್ರಮ: ಆರಾಧನೆ ಮುಗಿದ ಕೂಡಲೇ ಚರ್ಚಿನೊಳಗೇ, ಬಾಗಿಲು ತೆರೆದಿಟ್ಟು, ಬೇರೆ ಬೇರೆ ಮನೆಯ ಮೂವರು ಕೂರಬೇಕು. ಒಬ್ಬರು ಎಣಿಸಿದ್ದನ್ನು ಇನ್ನೊಬ್ಬರು ಮೊತ್ತ ಕೇಳದೆ ಮತ್ತೆ ಎಣಿಸಬೇಕು. ತಾಳೆಯಾದ ಮೇಲೆ ಮೂರನೆಯವರು ಕಾರ್ಬನ್ ಇಟ್ಟು ಚೀಟಿ ಬರೆದು ಮೂವರೂ ಸಹಿ ಹಾಕಬೇಕು. ಮಳೆಗಾಲದಲ್ಲಿ ಲೆಕ್ಕ ತಪ್ಪಿದರೆ ಮೊದಲು ತೇವವನ್ನು ಅನುಮಾನಿಸಿ, ಆಮೇಲೆ ಮನುಷ್ಯರನ್ನು. ಹತ್ತು ರೂಪಾಯಿಯ ಹಳೇ ನೋಟು ಎರಡು ಅಂಟಿಕೊಂಡು ಒಂದಾಗಿಬಿಡುತ್ತವೆ. ಪೇಪರ್ ಹಾಸಿ ಫ್ಯಾನಿನಡಿ ಹತ್ತು ನಿಮಿಷ ಹರಡಿದರೆ ಸಾಕು, ಕರೆಂಟ್ ಇದ್ದರೆ.

ಜುಲೈ, ಆಗಸ್ಟ್. ಸಭೆಯವರು ಒಬ್ಬರ ಮೇಲೊಬ್ಬರು ತರುವ ದೂರು. ಮತ್ತಾಯ 18:15-17ರ ಮೆಟ್ಟಿಲು ಎಲ್ಲರಿಗೂ ಬಾಯಿಪಾಠ: ಮೊದಲು ಇಬ್ಬರೇ, ಆಮೇಲೆ ಒಬ್ಬಿಬ್ಬರು ಸಾಕ್ಷಿ, ಕೊನೆಗೆ ಸಭೆ. ನಡೆಯುವುದು ಮಾತ್ರ ತಲೆಕೆಳಗು. ಯಾರ ಮೇಲೆ ದೂರೋ ಅವರಿಗೆ ಗೊತ್ತಾಗುವ ಮೊದಲೇ ಅಯ್ಯನವರ (ಪಾದ್ರಿಯ) ಮನೆ ಜಗಲಿಗೆ ಮಾತು ಮುಟ್ಟಿರುತ್ತದೆ. ಹಿರಿಯರು ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: "ಅವರ ಹತ್ರ ಮಾತಾಡಿದ್ರಾ?"

ಆದರೆ ಮಕ್ಕಳ ಮೇಲಿನ ದೌರ್ಜನ್ಯಕ್ಕೆ ಈ ಮೆಟ್ಟಿಲು ಸಲ್ಲ. ನೊಂದ ಮಗುವನ್ನು ತಪ್ಪಿತಸ್ಥನೆದುರು ಕೂರಿಸಿ ರಾಜಿ ಮಾಡಿಸುವುದು ಎರಡನೇ ಅನ್ಯಾಯ. ಲೈಂಗಿಕ ದೌರ್ಜನ್ಯವಾದರೆ ಮಕ್ಕಳನ್ನು ಅದರಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಸುಮ್ಮನಿದ್ದರೆ ಶಿಕ್ಷೆಯೂ ಇದೆ. ಮಕ್ಕಳ ಸಹಾಯವಾಣಿ 1098 ಸಂಡೇ ಸ್ಕೂಲ್ ಗೋಡೆಯ ಮೇಲೆ, ಮಕ್ಕಳ ಕಣ್ಣಿನ ಎತ್ತರಕ್ಕೆ ಬರೆದಾಯಿತು. ಕ್ಲಾಸಿಗೆ ಇಬ್ಬರು ದೊಡ್ಡವರು ಕಡ್ಡಾಯ. ಇಬ್ಬರು ಸಿಗದ ಭಾನುವಾರ ಮಕ್ಕಳು ಆರಾಧನೆಯಲ್ಲೇ ಕೂರುತ್ತಾರೆ.

ಅಕ್ಟೋಬರ್. ಮನೆ ಪ್ರಾರ್ಥನೆಗೆ ಜನ ಕಮ್ಮಿ. ಭಕ್ತಿ ತಣ್ಣಗಾಯಿತು ಎಂದು ಪ್ರಸಂಗ ಮಾಡುವ ಮುಂಚೆ ಅಂಗಳ ನೋಡಬೇಕಿತ್ತು: ಕೊಯ್ಲು ಶುರುವಾದರೆ ಅಡಿಕೆ ಸುಲಿಯುವವರು ರಾತ್ರಿ ಹನ್ನೊಂದಾದರೂ ಮೆಟ್ಟುಗತ್ತಿ (ಸುಲಿಯುವ ಕತ್ತಿ) ಬಿಟ್ಟು ಏಳುವುದಿಲ್ಲ. ಕೂಟವನ್ನು ಭಾನುವಾರ ಮಧ್ಯಾಹ್ನಕ್ಕೆ ತಂದಾಗಿದೆ.

ನವೆಂಬರ್. ಸುಗ್ಗಿ ಹಬ್ಬಕ್ಕೆ ಚರ್ಚಿಗೆ ಬಂದ ಕಾಣಿಕೆ ವಸ್ತುಗಳ ಹರಾಜು. ಒಂದು ತೆಂಗಿನಕಾಯಿ ಐನೂರಕ್ಕೆ ಏರುವುದು ಉತ್ಸಾಹದಿಂದಲೇ, ಆದರೆ ಮರ್ಯಾದೆಗಂಜಿ ಕೂಗಿದ ಕೂಲಿಯವರ ಹೆಸರು ವರ್ಷಗಟ್ಟಲೆ ಬಾಕಿ ಪಟ್ಟಿಯಲ್ಲಿ ಉಳಿಯುತ್ತದೆ. ನಾಚಿಕೆಗೆ ಅವರು ಆರಾಧನೆಗೂ ಬರುವುದಿಲ್ಲ. ಈ ಸಲದಿಂದ ಹರಾಜಿನಲ್ಲಿ ಸಾಲದ ಮೇಲೆ ಕೂಗುವಂತಿಲ್ಲ: ಸ್ಥಳದಲ್ಲೇ ನಗದು ಇಲ್ಲವೇ ಫೋನ್‌ಪೇ, ಅಲ್ಲೇ ರಸೀದಿ. ವೇದಿಕೆಯಿಂದ ಬಾಕಿದಾರರ ಹೆಸರು ಓದುವುದೂ ನಿಂತಿತು. ಒಟ್ಟು ವಸೂಲಿ ಇಳಿಯಬಹುದು, ಇಳಿಯಲಿ. ಹಳೇ ಬಾಕಿ ಮನ್ನಾ ಮಾಡುವ ಮಾತು ಕಮಿಟಿಯಲ್ಲಿ ಎರಡು ಸಲ ಬಂದು ಎರಡು ಸಲವೂ ಮುಂದಕ್ಕೆ ಹೋಗಿದೆ.