ಲೆಕ್ಕ ಸರಿ, ನ್ಯಾಯ ಯಾವುದು?

ಆರೋಪಿ ಮತ್ತೆ ಅಪರಾಧ ಮಾಡುವ ಸಾಧ್ಯತೆಗೆ ಅಂಕ ಕೊಡುವ ಸಾಫ್ಟ್‌ವೇರ್ ಪಕ್ಷಪಾತಿಯೇ? 2016ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಬಳಕೆಯಲ್ಲಿದ್ದ ಕಾಂಪಾಸ್ ಎಂಬ ಇಂಥ ಸಾಫ್ಟ್‌ವೇರ್ ಕುರಿತು ಇದೇ ಜಗಳ ಎದ್ದಿತು. ಮತ್ತೆ ತಪ್ಪು ಮಾಡದ ಕಪ್ಪು ಜನರಿಗೇ ಹೆಚ್ಚು ಕಳಂಕ ಹತ್ತುತ್ತದೆ ಎಂದರು ಟೀಕಾಕಾರರು; ಅಂಕ ಎಲ್ಲ ಗುಂಪಿಗೂ ಒಂದೇ ಅರ್ಥ ಕೊಡುತ್ತದೆ ಎಂದರು ತಯಾರಕರು. ವಿಚಿತ್ರವೆಂದರೆ, ಎರಡೂ ಕಡೆಯವರ ವಾದಕ್ಕೆ ಅಂಕಿಅಂಶದ ಬಲವಿತ್ತು.

ಒಂದು ಕಾಲ್ಪನಿಕ ಲೆಕ್ಕ ನೋಡಿ. ಎರಡು ಗುಂಪು, ತಲಾ 100 ಜನ. ಮೊದಲನೆಯದರಲ್ಲಿ 50 ಮಂದಿ ಮತ್ತೆ ತಪ್ಪು ಮಾಡುತ್ತಾರೆ, ಎರಡನೆಯದರಲ್ಲಿ 20. ಯಂತ್ರ ಮೊದಲ ಗುಂಪಿನಲ್ಲಿ 50 ಜನರನ್ನು ಅಪಾಯಕಾರಿ ಎನ್ನುತ್ತದೆ, 40 ಸರಿ. ಎರಡನೆಯದರಲ್ಲಿ 20 ಜನರನ್ನು ಹಾಗೆನ್ನುತ್ತದೆ, 16 ಸರಿ. ಎರಡೂ ಕಡೆ ‘ಅಪಾಯಕಾರಿ’ ಎಂಬ ಮುನ್ಸೂಚನೆ ನಿಜವಾಗುವುದು ಶೇ. 80. ಸಮಾನವೇ ತಾನೆ?

ಈಗ ತಪ್ಪು ಮಾಡದವರ ಕಡೆಯಿಂದ ಎಣಿಸಿ. ಮೊದಲ ಗುಂಪಿನ 50 ನಿರಪರಾಧಿಗಳಲ್ಲಿ 10 ಜನರಿಗೆ ಕಳಂಕ, ಅಂದರೆ ಶೇ. 20. ಎರಡನೆಯದರ 80ರಲ್ಲಿ ಬರೀ 4, ಶೇ. 5. ಮತ್ತೆ ತಪ್ಪು ಮಾಡಿಯೂ ಯಂತ್ರದ ಕಣ್ಣು ತಪ್ಪಿಸಿದವರ ಪಾಲು ಮಾತ್ರ ಎರಡೂ ಕಡೆ ಶೇ. 20. ಮತ್ತೆ ತಪ್ಪು ಮಾಡುವವರ ಮೂಲ ಪ್ರಮಾಣ ಗುಂಪಿನಿಂದ ಗುಂಪಿಗೆ ಬೇರೆಯಿದ್ದು ಮುನ್ಸೂಚನೆ ಪರಿಪೂರ್ಣವಲ್ಲದಿದ್ದಾಗ ಈ ಮೂರೂ ಸಮಾನತೆಗಳು ಒಟ್ಟಿಗೆ ಸಿಗುವುದಿಲ್ಲ. ಇದು ಗಣಿತ, ಕೋಡ್ ತಿದ್ದಿ ದಾಟಲಾಗದು.

ಯಾವುದನ್ನು ಬಿಟ್ಟುಕೊಡಬೇಕು? ಸೆರೆವಾಸದ ವಿಷಯದಲ್ಲಿ ನನ್ನ ಒಲವು ನಿರಪರಾಧಿಯ ಕಡೆಗೆ: ತಪ್ಪು ಅಂಕದ ಭಾರವನ್ನು ಒಂದೇ ಗುಂಪು ಹೊರಬಾರದು. ಆದರೆ ಅದಕ್ಕಾಗಿ ಎಷ್ಟು ಅಂಕ ಬಂದರೆ ಅಪಾಯಕಾರಿ ಎನ್ನುವುದಕ್ಕೆ ಗುಂಪಿಗೊಂದು ಮಿತಿ ಇಟ್ಟರೆ, ಒಂದೇ ಅಂಕ ಪಡೆದ ಇಬ್ಬರಿಗೆ ಎರಡು ತೀರ್ಪು ಬರುತ್ತದೆ. ಆ ಬೆಲೆ ಸಣ್ಣದಲ್ಲ.

ಇನ್ನೊಂದು ತೊಡಕೂ ಇದೆ. ದತ್ತಾಂಶದಲ್ಲಿ ದಾಖಲಾಗುವುದು ಬಂಧನ, ಅಪರಾಧವಲ್ಲ. ಪೊಲೀಸರು ಹೆಚ್ಚು ಸುತ್ತುವ ಬೀದಿಯಲ್ಲಿ ಬಂಧನವೂ ಹೆಚ್ಚು. ಹಾಗಾಗಿ ಆ 50 ಮತ್ತು 20 ಎಂಬ ಮೂಲ ಸಂಖ್ಯೆಗಳನ್ನೇ ಮೊದಲು ಪ್ರಶ್ನಿಸಬೇಕು.